ಗಿರಣಿ ಕಲ್ಲಪ್ಪನ ಭಾನುವಾರ

ಯೋಗಾನಂದ ಕಲ್ಲಪ್ಪನನ್ನು ಮೊದಲು ಕಂಡದ್ದು ಅಜ್ಜಂಪುರದಿಂದ ಬೀರೂರಿಗೆ ಹೋಗುವ ರಸ್ತೆಯ ರೈಲ್ವೆ ಗೇಟಿನಲ್ಲಿ. ಆಗ ಅಲ್ಲಿ ಇನ್ನೂ ಗೇಟಿತ್ತು, ಈಗಿರುವ ಅಂಡರ್‌ಪಾಸ್ ಆಗಿರಲಿಲ್ಲ. ಶ್ರಾವಣದ ಒಂದು ಭಾನುವಾರದ ಬೆಳಿಗ್ಗೆ. ಹಿಂದಿನ ದಿನದ ಮಳೆಗೆ ಡಾಂಬರು ಒದ್ದೆಯಾಗಿ ಕಪ್ಪಗಿತ್ತು. ಗೇಟಿನ ಮುಂದೆ ಈರುಳ್ಳಿ ಚೀಲ ಹೇರಿಕೊಂಡ ಟ್ರ್ಯಾಕ್ಟರ್ ನಿಂತಿತ್ತು, ಅದರ ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು, ಅದರ ಪಕ್ಕ ಯೋಗಾನಂದ. ಅವನು ಜಾನುವಾರು ಪರೀಕ್ಷಕನಾಗಿ ಅಜ್ಜಂಪುರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸಕ್ಕರೆ ಕಾಯಿಲೆ ಹತ್ತಿರದಲ್ಲೇ ಇದೆ ಎಂದು ಯಾರೋ ಹೆದರಿಸಿದ್ದಕ್ಕೆ ಗೇರಿನ ಸೈಕಲ್ ಕೊಂಡಿದ್ದ. ಗೇರು ಬದಲಿಸುವುದು ಮಾತ್ರ ಸರಿಯಾಗಿ ಬರುತ್ತಿರಲಿಲ್ಲ. ಗೇಟು ಬೀಳುವುದನ್ನು ಕಂಡು ಗಡಿಬಿಡಿಯಲ್ಲಿ ಏನೋ ಒತ್ತಿದ, ಚೈನು ಕಳಚಿ ಚಕ್ರಕ್ಕೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು.

"ಚೈನ್ ಹಾಕಾಕ್ ಬರಲ್ವಾ?"

ಕೂಗಿದ ರಭಸಕ್ಕೆ ಟ್ರ್ಯಾಕ್ಟರಿನವನೂ ತಿರುಗಿ ನೋಡಿದ. ಹಿಂದೆ ಇನ್ನೊಂದು ಸೈಕಲ್ ನಿಂತಿತ್ತು. ಅದನ್ನು ಹಿಡಿದಿದ್ದವನು ಯೋಗಾನಂದನಿಗಿಂತ ಹತ್ತು ವರ್ಷವಾದರೂ ದೊಡ್ಡವನು. ಕಪ್ಪು ಬಣ್ಣ, ಗಿಡ್ಡ ಕಾಲು, ಅಗಲವಾದ ಹೆಗಲು. ಹುಬ್ಬಿನಲ್ಲಿ ಮತ್ತು ಕಿವಿಯ ಕೂದಲಿನಲ್ಲಿ ಬಿಳಿ ಪುಡಿ ಕೂತಿತ್ತು. ಯೋಗಾನಂದ ಅದನ್ನು ವಿಭೂತಿ ಎಂದುಕೊಂಡ. ಅದು ರಾಗಿ ಹಿಟ್ಟು.

ಯೋಗಾನಂದನ ಮುಖ ಸಪ್ಪಗಾದದ್ದನ್ನು ಕಂಡು ಆ ಮನುಷ್ಯ ನಕ್ಕ. "ಬೈತಾ ಇಲ್ಲ ಕಣ್ರೀ. ನಾನ್ ಮಾತಾಡೋದೇ ಹಿಂಗೆ. ಅಮೃತಾಪುರದಾಗೆ ಹಿಟ್ಟಿನ ಮಿಲ್ಲು ನಂದು. ಕಿವಿ ಎರಡನ್ನೂ ಮಿಲ್ಲಲ್ಲೇ ಬಿಟ್ಟು ಬಂದಿದೀನಿ."

ಬೇಲಿಯಿಂದ ಒಂದು ಕಡ್ಡಿ ಮುರಿದುಕೊಂಡು ಬಂದು, ಬೆರಳಿಗೆ ಜಿಡ್ಡು ತಾಗಿಸಿಕೊಳ್ಳದೆ ಚೈನನ್ನು ಎತ್ತಿ ಹಲ್ಲಿನ ಮೇಲೆ ಕೂರಿಸಿದ. ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ಅದು ಹೋಗುವಷ್ಟು ಹೊತ್ತು ಅಲ್ಲಿದ್ದವರೆಲ್ಲ ಕಲ್ಲಪ್ಪನಷ್ಟೇ ಕಿವುಡರು. ಅವನು ಮಾತ್ರ ಮಾತು ನಿಲ್ಲಿಸಲಿಲ್ಲ. ಎಲ್ಲಿಗೆ ಎಂದು ಅಂಗೈ ತಿರುವಿ ಕೇಳಿದ. ಬೀರೂರಿನ ಕಡೆಗೆ ಎಂದು ಯೋಗಾನಂದ ಕೈ ಚಾಚಿದ. ನಾನೂ ಅಲ್ಲಿಗೇ ಎಂದು ಎದೆ ಮುಟ್ಟಿಕೊಂಡ. ಎರಡು ಬೆರಳನ್ನು ತುಟಿಯ ಹತ್ತಿರ ತಂದು ಕಾಫಿ ಎಂದ. ಗೇಟು ಎದ್ದಾಗ ಇಬ್ಬರೂ ಒಟ್ಟಿಗೆ ಹೊರಟರು.

ಆಮೇಲಿನ ಭಾನುವಾರಗಳೆಲ್ಲ ಆ ಗೇಟಿನಿಂದಲೇ ಶುರುವಾದವು.

ಕಲ್ಲಪ್ಪನ ಗಿರಣಿ ಅವನ ಅಪ್ಪನ ಕಾಲದ್ದು. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಬೆಲ್ಟಿನ ಪಕ್ಕ ನಿಂತವನು ಅಲ್ಲೇ ಉಳಿದುಬಿಟ್ಟ. ಸುತ್ತಲಿನ ಹಳ್ಳಿಗಳ ರಾಗಿ, ಜೋಳ, ಮೆಣಸಿನಕಾಯಿ ಎಲ್ಲ ಅವನ ಕಲ್ಲಿನ ನಡುವೆ ಹಾದುಹೋದವು, ಅವುಗಳ ಜೊತೆಗೆ ಅವನ ಕಿವಿಯೂ ಹೋಯಿತು. ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಬೆನ್ನ ಹಿಂದೆ ಬರುವ ಲಾರಿಯ ಹಾರನ್ ಮಾತ್ರ ಅವನ ಪಾಲಿಗೆ ಇರಲೇ ಇಲ್ಲ. ಶಿವಮೊಗ್ಗದಲ್ಲಿ ಯಾರೋ ಮಾರಿದ ಹಳೆಯ ಕಬ್ಬಿಣದ ಗೇರ್ ಸೈಕಲ್ಲೊಂದನ್ನು ತಂದಿದ್ದರೂ ಒಬ್ಬನೇ ದೂರ ಹೋಗಲು ಹೆಂಡತಿ ಅಂಬಮ್ಮ ಬಿಡುತ್ತಿರಲಿಲ್ಲ. ಗೇಟಿನಲ್ಲಿ ಸಿಕ್ಕ ದಿನ ಅವನು ಹೇಳದೆ ಕದ್ದು ಬಂದಿದ್ದ.

ಯೋಗಾನಂದನನ್ನು ಮನೆಗೆ ಕರೆದುಕೊಂಡು ಹೋಗಿ ಅಂಬಮ್ಮನಿಗೆ ತೋರಿಸಿದ. "ಇವ್ರು ದನಿನ್ ಡಾಕ್ಟ್ರು. ಇನ್ಮೇಲೆ ನನ್ನ ಕಿವಿ."

"ಡಾಕ್ಟ್ರೇ, ಕರ್ಕೊಂಡು ಹೋದಂಗೆ ವಾಪಸ್ ತಂದ್‌ಬಿಡಿ," ಎಂದಳು ಅಂಬಮ್ಮ. "ದನ ಆಗಿದ್ರೆ ದಾರಿ ತಿಳ್ಕೊಂಡು ತಾನೇ ಬಂದಿರೋದು."

ಯೋಗಾನಂದ ತಾನು ಡಾಕ್ಟರಲ್ಲ, ಬರೀ ಪರೀಕ್ಷಕ ಎಂದು ಹೇಳಿ ನೋಡಿದ. ಆ ಮನೆಯಲ್ಲಿ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಲ್ಲಪ್ಪನಿಗೆ ಮಾತ್ರ ಕೆಲವು ತಿಂಗಳಲ್ಲಿ ಡಾಕ್ಟ್ರೇ ಹೋಗಿ ಯೋಗಣ್ಣ ಬಂತು, ಅದೂ ಹೋಗಿ "ಲೇ ಯೋಗ" ಆಯಿತು.

ಸಾಲಾಗಿ ಸೈಕಲ್ ತುಳಿಯುವವರಲ್ಲಿ ಒಂದು ಪದ್ಧತಿಯಿದೆ. ಮುಂದಿನವನ ಬೆನ್ನು ಅಡ್ಡವಿರುವುದರಿಂದ ಹಿಂದಿನವನಿಗೆ ರಸ್ತೆ ಕಾಣುವುದಿಲ್ಲ. ಅದಕ್ಕೆ ಮುಂದಿನವನು ಗುಂಡಿ ಕಂಡರೆ ಆ ಕಡೆಯ ಕೈ ಕೆಳಗೆ ಚಾಚಿ ಬೆರಳು ತೋರಿಸಬೇಕು, ನಿಲ್ಲಬೇಕಾದರೆ ಮುಷ್ಟಿ ಎತ್ತಬೇಕು. ಹಿಂದಿನವನು ತಾನು ಕಂಡನೋ ಇಲ್ಲವೋ, ತನ್ನ ಹಿಂದಿನವನಿಗೆ ಅದನ್ನೇ ದಾಟಿಸಬೇಕು. ಉಳಿದವರು ಕೈ ಮರೆತರೆ ಬಾಯಲ್ಲಿ ಕೂಗುತ್ತಾರೆ. ಕಲ್ಲಪ್ಪನ ಜೊತೆ ಕೂಗಿ ಪ್ರಯೋಜನವಿರಲಿಲ್ಲ. ಯೋಗಾನಂದ ಪ್ರತಿ ಗುಂಡಿಗೂ, ಪ್ರತಿ ನಾಯಿಗೂ, ರಸ್ತೆಗೆ ಹರಡಿದ ಹುರುಳಿ ಸೊಪ್ಪಿಗೂ ಕೈ ತೋರಿಸಿದ. ಹಿಂದಿನಿಂದ ಲಾರಿ ಬಂದರೆ ಅಂಗೈ ಬೀಸಿ ಅವನನ್ನು ಅಂಚಿಗೆ ಕಳಿಸಿದ. ಬೋಂಡ ಬಿಸಿಯಾಗಿರುವ ಅಂಗಡಿಗೂ ಒಂದು ಸನ್ನೆ ಹುಟ್ಟಿತು. ಅದನ್ನು ಮಾಡಿದ್ದು ಕಲ್ಲಪ್ಪನೇ.

"ವಾರವೆಲ್ಲ ಬೆಲ್ಟ್ ಮುಂದೆ ನಿಂತಿರ್ತೀನಿ," ಎಂದಿದ್ದ ಒಮ್ಮೆ, ಬೋಂಡ ಮುರಿಯುತ್ತ. "ಎದೆಯೊಳಗೂ ಅದೇ ಗಡಗಡ. ಭಾನುವಾರ ಗಾಳಿ ಸದ್ದು ಕೇಳ್ಸಲ್ಲ ನಂಗೆ, ಆದ್ರೆ ಮುಖಕ್ಕೆ ಬಂದು ತಾಗುತ್ತಲ್ಲ, ಅಷ್ಟ್ ಸಾಕು ಕಣೋ."

ಭಾನುವಾರ ಗಿರಣಿಗೆ ಬೀಗ. ಊರಿನವರು ಗೊಣಗಿದರು. ಸೈಕಲ್ ತುಳಿಯೋದಕ್ಕೆ ಮಿಲ್ ಮುಚ್ಚುವ ಗಂಡಸನ್ನು ಎಲ್ಲಾದರೂ ಕಂಡಿದ್ದೀರಾ ಎಂದರು. ಕಲ್ಲಪ್ಪನಿಗೆ ಅದೂ ಕೇಳಿಸಲಿಲ್ಲ.

ಕೊರೊನಾ ಮುಗಿಯುತ್ತಿದ್ದಂತೆ ಎಲ್ಲ ಊರುಗಳಲ್ಲೂ ಸೈಕಲ್ಲಿನ ಹುಚ್ಚು ಹತ್ತಿತು. ಅದೇ ಹೊತ್ತಿಗೆ ಯೋಗಾನಂದನಿಗೆ ಕಡೂರಿಗೆ ವರ್ಗವಾಯಿತು. ಅಲ್ಲಿ ಟೈಲ್ಸ್ ಅಂಗಡಿಯ ಅಭಿಲಾಷ್ ಎಂಬ ಯುವಕ ಕಡೂರು ಪೆಡಲರ್ಸ್ ಎಂಬ ಕ್ಲಬ್ ಕಟ್ಟಿದ್ದ. ಅವರಿಗೆಲ್ಲ ನೀಲಿ ಬನಿಯನ್, ಎದೆಯ ಮೇಲೆ ಅವನ ಅಂಗಡಿಯ ಹೆಸರು. ತರೀಕೆರೆಯಲ್ಲಿ ಕಾಲೇಜಿನ ಉಪನ್ಯಾಸಕ ರವಿಕುಮಾರ ಘಾಟ್ ರೈಡರ್ಸ್ ಎಂಬ ಇನ್ನೊಂದು ಕ್ಲಬ್ ಕಟ್ಟಿದ. ಅವರದು ಕಿತ್ತಳೆ ಬಣ್ಣ. ಇದ್ದ ಊರಿನ ಕ್ಲಬ್ಬಿಗೆ ಯೋಗಾನಂದ ಸೇರಿದ. ಜೊತೆಗಾರ ದೂರವಾದ ಮೇಲೆ ಕಲ್ಲಪ್ಪನಿಗೂ ಹತ್ತಿರದ ತರೀಕೆರೆಯವರೇ ಗತಿಯಾದರು. ಬಣ್ಣ ಬೇರೆಯಾದರೇನು, ರಸ್ತೆ ಒಂದೇ ಅಲ್ಲವೇ ಎಂದು ಇಬ್ಬರೂ ಅಂದುಕೊಂಡರು.

ಮೊದಲ ವರ್ಷ ತರೀಕೆರೆಯವರೇ ಕಡೂರಿನವರನ್ನು ಕೆಮ್ಮಣ್ಣುಗುಂಡಿಗೆ ಕರೆದರು. ಬಯಲಿನಲ್ಲಿ ತುಳಿದು ರೂಢಿಯಿದ್ದ ಕಡೂರಿನವರು ಲಿಂಗದಹಳ್ಳಿ ದಾಟಿದ ಮೇಲೆ ಒಬ್ಬೊಬ್ಬರಾಗಿ ಇಳಿದು ಸೈಕಲ್ ನೂಕಿದರು. ಅವರು ಮೇಲೆ ಮುಟ್ಟಿದಾಗ ಕಿತ್ತಳೆಯವರು ತಿಂಡಿ ತಿಂದು, ಫೋಟೊ ಹಿಡಿದು, ಇಳಿಯಲು ಹೊರಟು ನಿಂತಿದ್ದರು. ಕಾಯ್ದದ್ದು ಕಲ್ಲಪ್ಪ ಒಬ್ಬನೇ. ಒಂದು ತಟ್ಟೆ ಉಪ್ಪಿಟ್ಟಿನ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಯೋಗಾನಂದನಿಗಾಗಿ ಇಟ್ಟುಕೊಂಡಿದ್ದ.

ಅಂದು ಸಂಜೆ ಕಿತ್ತಳೆಯವರು ಫೋಟೊದ ಕೆಳಗೆ ಬರೆದದ್ದು ಎರಡೂ ಊರಿನ ಮೊಬೈಲುಗಳಲ್ಲಿ ಓಡಾಡಿತು: ಕಡೂರಿನೋರು ಕೆರೆ ಏರಿ ಹತ್ತೋಕೂ ಗೇರ್ ಇಳಿಸ್ತಾರೆ.

ಅಲ್ಲಿಂದ ಶುರುವಾಯಿತು. ಕಡೂರಿನವರು ಅಜ್ಜಂಪುರದ ಬಯಲಿಗೆ ಅವರನ್ನು ಕರೆದು, ಎದುರುಗಾಳಿಯಲ್ಲಿ ಹಿಂದೆ ಬಿಟ್ಟು ಬಂದರು. ಎದುರಾದರೆ ಕೈ ಎತ್ತುವ ಪದ್ಧತಿ ನಿಂತಿತು. "ಅವ್ರು ಎತ್ತಿದ್ರೆ ನಾವೂ ಎತ್ತೋಣ ಸಾರ್, ನಾವೇ ಯಾಕೆ ಮೊದ್ಲು?" ಎಂದ ಅಭಿಲಾಷ್. ರವಿಕುಮಾರನೂ ತನ್ನವರಿಗೆ ಅದೇ ಮಾತು ಹೇಳಿದ್ದನಂತೆ. ಬೀರೂರಿನ ಹೋಟೆಲಿಗೆ ನೀಲಿಯವರು ಕಾಲಿಟ್ಟರೆ ಕಿತ್ತಳೆಯವರು ಅರ್ಧ ಕಾಫಿ ಬಿಟ್ಟು ಏಳುತ್ತಿದ್ದರು. ಕೊನೆಗೆ ಅವರು ರಸ್ತೆಯ ಆಚೆ ಬದಿಯ ಹೋಟೆಲನ್ನೇ ತಮ್ಮದು ಮಾಡಿಕೊಂಡರು. ಕಲ್ಲಪ್ಪ ಮಾತ್ರ ಹಳೆಯ ಹೋಟೆಲು ಬಿಡಲಿಲ್ಲ, ಕಾಫಿ ಮುಗಿಯುವವರೆಗೆ ಏಳುತ್ತಲೂ ಇರಲಿಲ್ಲ. "ಲೇ ಯೋಗ, ಬೋಂಡ ಇವತ್ತು ತಣ್ಣಗದೆ ಕಣೋ," ಎಂದು ಮಿಲ್ಲಿನ ಗಂಟಲಲ್ಲಿ ಕೂಗುತ್ತಿದ್ದ. ನೀಲಿಯವರು ಮುಸಿಮುಸಿ ನಗುತ್ತಿದ್ದರು. ಯೋಗಾನಂದ ಕೈ ಎತ್ತುತ್ತಿದ್ದ, ಆದರೆ ಮೇಜಿನ ಎತ್ತರಕ್ಕಷ್ಟೇ.

ಬಯಲಿನಲ್ಲಿ ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಹೋದರೆ ಗಾಳಿ ತಾಗದೆ ಸಲೀಸು. ಆ ಮಳೆಗಾಲ ಒಂದು ಭಾನುವಾರ ಅಜ್ಜಂಪುರದ ರಸ್ತೆಯಲ್ಲಿ ಕಿತ್ತಳೆಯವರು ಸದ್ದಿಲ್ಲದೆ ನೀಲಿ ಸಾಲಿನ ಬಾಲಕ್ಕೆ ಸೇರಿಕೊಂಡರು.

"ಬಂದ್ರು ನೋಡಿ ಜೋತುಬೀಳೋರು," ಎಂದ ಅಭಿಲಾಷ್, ಮುಂದಿನಿಂದ ಕತ್ತು ತಿರುಗಿಸಿ. "ಅವ್ರ ಸೈಕಲ್ಲಿಗೆ ಪೆಡಲ್ ಯಾಕೆ ಬೇಕು? ಇರಿ, ಒಂದ್ ಗುಂಡಿ ತೋರಿಸ್ತೀನಿ."

ರಸ್ತೆ ಹೊಸದಾಗಿ ಡಾಂಬರು ಕಂಡಿತ್ತು, ಕಲ್ಲೂ ಇರಲಿಲ್ಲ, ಗುಂಡಿಯೂ ಇರಲಿಲ್ಲ. ಅಭಿಲಾಷ್ ಎಡಗೈ ಕೆಳಗೆ ಚಾಚಿ ಬೆರಳು ಅಲ್ಲಾಡಿಸಿದ. ಅವನ ಹಿಂದಿನವನು ನಗು ತಡೆದುಕೊಂಡು ಅದನ್ನೇ ಮಾಡಿದ. ಸನ್ನೆ ಒಬ್ಬರಿಂದ ಒಬ್ಬರಿಗೆ ದಾಟುತ್ತ ಸಾಲಿನ ಕೊನೆಯಲ್ಲಿದ್ದ ಯೋಗಾನಂದನವರೆಗೆ ಬಂತು. ಅವನು ಮಾತನ್ನು ಕೇಳಿಸಿಕೊಂಡಿದ್ದ. ಹಿಂದೆ ಇರುವುದು ಯಾರೆಂದೂ ಗೊತ್ತಿತ್ತು. ಕಲ್ಲಪ್ಪನಿಗೆ ರಸ್ತೆ ಸರಿಯಾಗಿ ಕಾಣಲಿ ಎಂದು ಕಿತ್ತಳೆಯವರು ಅವನನ್ನು ಯಾವಾಗಲೂ ತಮ್ಮ ಸಾಲಿನ ಮುಂದೆ ಬಿಡುತ್ತಿದ್ದರು. ಮುಂದೆ ಅಷ್ಟು ಬೆನ್ನುಗಳು ಕಾಯುತ್ತಿದ್ದವು. ಯೋಗಾನಂದನ ಎಡಗೈ ಹ್ಯಾಂಡಲ್ ಬಿಟ್ಟು ಕೆಳಗೆ ಹೋಯಿತು.

ಕಲ್ಲಪ್ಪ ಯೋಚಿಸಲಿಲ್ಲ. ಆ ಕೈ ತೋರಿಸಿದ ಮೇಲೆ ಯೋಚಿಸುವುದೇನಿದೆ? ಸರಕ್ಕನೆ ಬಲಕ್ಕೆ ಎಳೆದ. ಹಿಂದಿನವರೆಲ್ಲ ಬಲಕ್ಕೆ ಎಳೆದು ಒಬ್ಬರಿಗೊಬ್ಬರು ತಾಗಿದರು. ಇಬ್ಬರು ರಸ್ತೆಯಿಂದಿಳಿದು ಕೆಸರಿನಲ್ಲಿ ಕೂತರು. ನೀಲಿ ಸಾಲು ಗೊಳ್ಳೆಂದು ನಕ್ಕು ಜೋರಾಗಿ ತುಳಿಯಿತು.

ಬೀರೂರಿನಲ್ಲಿ ಕಲ್ಲಪ್ಪ ನೇರವಾಗಿ ನೀಲಿಯವರ ಹೋಟೆಲಿಗೇ ಬಂದ. ಮೇಜಿನ ಮುಂದೆ ನಿಂತು ಯೋಗಾನಂದನ ತುಟಿಯನ್ನೇ ನೋಡುತ್ತ ಕೇಳಿದ.

"ಗುಂಡಿ ಎಲ್ಲಿತ್ತೋ?"

ಯೋಗಾನಂದ ಬಾಯಿ ತೆರೆಯುವ ಮೊದಲೇ ಅಭಿಲಾಷ್ ಹೇಳಿದ, "ನೀವ್ ನೋಡ್ಲಿಲ್ವಾ ಯಜಮಾನ್ರೇ? ನೀವ್ ಬರೋಷ್ಟ್ರಲ್ಲಿ ಮುಚ್ಚಿಬಿಟ್ರು. ಕಡೂರಿನ ಕೆಲ್ಸ ಅಂದ್ರೆ ಹಂಗೇ, ಬೇಗ."

ಎಲ್ಲರೂ ನಕ್ಕರು. ಯೋಗಾನಂದನೂ ನಕ್ಕ. ಕಲ್ಲಪ್ಪನಿಗೆ ಮಾತು ಕೇಳಿಸಿತೋ ಇಲ್ಲವೋ, ನಗು ಕಾಣಿಸಿತು. ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ಯೋಗಾನಂದನ ಮುಖ ನೋಡಿ, ಹೊರಗೆ ಹೋದ. ಅಂದಿನ ಕಾಫಿಯನ್ನು ಅವನು ರಸ್ತೆಯ ಆಚೆಯ ಹೋಟೆಲಿನಲ್ಲಿ ಕುಡಿದ.

ಆಮೇಲೆ ಯೋಗಾನಂದ ಮೂರ್ನಾಲ್ಕು ಸಲ ಫೋನು ಮಾಡಿದ. ಫೋನಿನಲ್ಲಿ ಕಲ್ಲಪ್ಪನಿಗೆ ಕೇಳಿಸುವುದಿಲ್ಲ, ಅಂಬಮ್ಮನೇ ಎತ್ತಬೇಕು. "ಮಿಲ್ಲಲ್ಲವ್ರೆ ಡಾಕ್ಟ್ರೇ, ಹೇಳ್ತೀನಿ," ಎನ್ನುತ್ತಿದ್ದಳು. ಹೇಳಿದ್ದಳೋ ಇಲ್ಲವೋ ತಿಳಿಯಲಿಲ್ಲ. ಹೋಗಿ ಎದುರು ನಿಂತು ಹೇಳಬೇಕಾದ ಮಾತು ಅದು. ಮುಂದಿನ ವಾರ ಹೋಗುತ್ತೇನೆ ಎಂದುಕೊಳ್ಳುತ್ತಲೇ ಮಳೆಗಾಲ ಮುಗಿಯಿತು.

ರಾಜ್ಯೋತ್ಸವಕ್ಕೆ ಯಾರೋ ಹಿರಿಯರು ಎರಡೂ ಊರಿನವರನ್ನು ಸೇರಿಸಿ ಸೈಕಲ್ ಜಾಥಾ ಇಟ್ಟರು. ಎಲ್ಲರೂ ಬೀರೂರಿನಲ್ಲಿ ಸೇರಿ ಅಜ್ಜಂಪುರಕ್ಕೆ ಹೋಗುವುದು. ಬಣ್ಣ ನೋಡದೆ ಬೆರೆತು ಸಾಗಿ ಎಂದು ಅವರು ಮೈಕಿನಲ್ಲಿ ಹೇಳಿದರು. ಬಾವುಟ ಬೀಸಿದ ಕೂಡಲೇ ನೀಲಿಯವರು ಮುಂದೆ, ಕಿತ್ತಳೆಯವರು ಹಿಂದೆ, ನಡುವೆ ಒಂದು ಲಾರಿ ಹೋಗುವಷ್ಟು ಜಾಗ. ಯೋಗಾನಂದ ಬೇಕೆಂದೇ ನಿಧಾನ ಮಾಡಿ ತನ್ನ ಸಾಲಿನ ಕೊನೆಗೆ ಬಂದ, ಇನ್ನೂ ನಿಧಾನ ಮಾಡಿದ. ಕಿತ್ತಳೆ ಸಾಲಿನ ಮುಂದಿದ್ದ ಕಲ್ಲಪ್ಪ ಅವನ ಚಕ್ರದ ಹಿಂದೆ ಬಂದು ಸೇರಿದ. ತಿರುಗಿ ನೋಡಿದರೆ ಅದೇ ಹಿಟ್ಟಿನ ಹುಬ್ಬು. ಕಲ್ಲಪ್ಪ ನಗಲಿಲ್ಲ, ಹಿಂದೆ ಸರಿಯಲೂ ಇಲ್ಲ. ಅಷ್ಟಕ್ಕೇ ಯೋಗಾನಂದನ ಎದೆ ಹಗುರವಾಯಿತು. ಅಜ್ಜಂಪುರ ಮುಟ್ಟಿದ ಕೂಡಲೇ ಎದುರು ನಿಂತು ಹೇಳಿಬಿಡುವುದೆಂದು ಮಾತು ಜೋಡಿಸುತ್ತ ತುಳಿದ.

ಹಳೆಯ ಗೇಟಿನ ಜಾಗಕ್ಕೆ ಬಂದರು. ಗೇಟು ತೆಗೆದು ಕೆಳಗೆ ಅಂಡರ್‌ಪಾಸ್ ಮಾಡಿದ್ದರು. ಇಳಿಜಾರು ಮುಗಿಯುವಲ್ಲಿ ಮಳೆಯ ನೀರು ತೆಳ್ಳಗೆ ನಿಂತಿತ್ತು. ಜಾನುವಾರು ನೋಡಲು ವಾರಕ್ಕೊಮ್ಮೆ ಬೈಕಿನಲ್ಲಿ ಅಲ್ಲಿ ಓಡಾಡುತ್ತಿದ್ದ ಯೋಗಾನಂದನಿಗೆ ಆ ನೀರಿನ ಎಡಕ್ಕೆ ಕಾಂಕ್ರೀಟು ಕಿತ್ತುಹೋಗಿ ಮೊಣಕಾಲುದ್ದದ ಗುಂಡಿ ಬಿದ್ದಿರುವುದು ಗೊತ್ತಿತ್ತು. ನೋಡಿದವರಿಗೆ ಅಲ್ಲಿ ಏನೂ ಇಲ್ಲ, ಬರೀ ನೀರು. ಅವನು ಎಡಗೈ ಕೆಳಗೆ ಚಾಚಿದ. ಬೆರಳು ತೋರಿಸಿದ. ಮತ್ತೆ ತೋರಿಸಿದ. ತೋಳು ಸೋಲುವಷ್ಟು ಅಲ್ಲಾಡಿಸಿದ. ತಾನು ಬಲಕ್ಕೆ ಸರಿದ.

ಹಿಂದೆ ಕಬ್ಬಿಣ ಕಾಂಕ್ರೀಟಿಗೆ ಬಡಿದ ಸದ್ದಾಯಿತು.

ಕಲ್ಲಪ್ಪ ನೇರ ಹೋಗಿದ್ದ. ಸ್ವಲ್ಪವೂ ಎಳೆದಿರಲಿಲ್ಲ. ಮುಂದಿನ ಚಕ್ರ ಗುಂಡಿಯಲ್ಲಿ ನಿಂತು ಅವನು ಹ್ಯಾಂಡಲಿನ ಮೇಲಿಂದ ಬಲಗೈ ಊರಿಕೊಂಡು ಬಿದ್ದಿದ್ದ. ಮುಂಗೈ ಮೂಳೆ ಚೂರಾಗಿತ್ತು, ಹೆಗಲಿನ ಎಲುಬೂ ಮುರಿದಿತ್ತು.

ಅವನನ್ನು ಆಂಬುಲೆನ್ಸಿಗೆ ಹತ್ತಿಸುವ ಮೊದಲೇ ಜಗಳ ಹತ್ತಿತು. ತಳ್ಳಿದ್ದು ನೀವೇ ಎಂದ ರವಿಕುಮಾರ. ಚಕ್ರಕ್ಕೆ ಅಂಟ್ಕೊಂಡು ಬಂದೋರ ಹಣೆಬರಹ ಅದು ಎಂದ ಅಭಿಲಾಷ್. ಇಬ್ಬರ ಕೈಗಳೂ ಮೇಲೆ ಹೋಗಿದ್ದವು. ಅಷ್ಟು ದಿನ ಯಾರಿಗೂ ಎತ್ತದಿದ್ದ ಕೈಗಳು.

ಕಲ್ಲಪ್ಪ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಯೋಗಾನಂದ ಅಮೃತಾಪುರಕ್ಕೆ ಹೋದ. ಕಲ್ಲಪ್ಪ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಕೈಗೆ ಬೆರಳಿನವರೆಗೂ ಪಟ್ಟಿ.

"ಬನ್ನಿ ಡಾಕ್ಟ್ರೇ, ಕೂತ್ಕಳಿ," ಎಂದ.

ಯೋಗಾನಂದ ಕೂರಲಿಲ್ಲ. ತುಟಿ ಕಾಣುವಂತೆ ಎದುರಿಗೆ ನಿಂತ. "ಕಲ್ಲಣ್ಣ, ನಾನು ಕೈ ತೋರಿಸ್ದೆ."

"ನೋಡ್ದೆ."

"ಮತ್ತೆ?"

"ಮತ್ತೇನು? ನೋಡೇ ಹೋದೆ." ಅವನ ದನಿ ಆವತ್ತು ತಗ್ಗಿತ್ತು. ಗಿರಣಿ ಓಡುತ್ತಿರಲಿಲ್ಲ. "ನೀರ್ ಬಿಟ್ರೆ ಏನೂ ಕಾಣ್ಲಿಲ್ಲ. ಮುಂದೆ ನಿಮ್ಮೋರೆಲ್ಲ ಇದ್ರು. ನಗಾಕೆ ಕಾಯ್ತಾವ್ರೆ ಅಂದ್ಕಂಡೆ. ಇನ್ನೊಂದ್ಸಲ ನಗೆಪಾಟಲು ಆಗಬಾರ್ದು ಅಂತ ಹ್ಯಾಂಡಲ್ ಗಟ್ಟಿ ಹಿಡ್ಕಂಡೆ."

"ಆವತ್ತು ನಾನು ಮಾಡಿದ್ದು ತಪ್ಪು. ಅದನ್ನ ಹೇಳ್ಬೇಕು ಅಂತಾನೇ ಜಾಥಾ ದಿನ ಹಿಂದೆ ಬಂದೆ."

"ತಪ್ಪೋ ಸರಿಯೋ, ಅದು ಹೋಗ್ಲಿ." ಕಲ್ಲಪ್ಪ ಪಟ್ಟಿಯ ತುದಿಯನ್ನು ಇನ್ನೊಂದು ಕೈಯಿಂದ ಒತ್ತಿಕೊಂಡ. "ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಡಾಕ್ಟ್ರೇ, ಇನ್ಮೇಲೆ ನೀವು ಕೈ ತೋರ್ಸಿದ್ರೆ ನಾನು ಯಾವ್ದು ಅಂತ ನಂಬ್ಲಿ? ಉಳಿದೋರಿಗಾದ್ರೆ ಕಿವಿ ಅದೆ."

ಯೋಗಾನಂದ ಕಟ್ಟೆಯ ತುದಿಗೆ ಕೂತ. ಅಂಬಮ್ಮ ಕಾಫಿ ತಂದಳು. ವಾಪಸ್ ತಂದುಬಿಡಿ ಎಂದು ತಾನು ಹೇಳಿದ್ದು ಅವಳಿಗೂ ನೆನಪಿತ್ತೇನೋ, ಲೋಟ ಇಟ್ಟವಳೇ ಒಳಗೆ ಹೋದಳು. ಕಲ್ಲಪ್ಪ ಎಡಗೈಯಲ್ಲಿ ಲೋಟ ಎತ್ತಿಕೊಂಡ. ಕಾಫಿ ಮುಗಿಯುವವರೆಗೆ ಇಬ್ಬರೂ ರಸ್ತೆ ನೋಡಿದರು.

ಆ ರಾತ್ರಿ ಯೋಗಾನಂದ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದ. ನಾವು ಇಲ್ಲದ ಗುಂಡಿ ತೋರಿಸಿದ್ದಕ್ಕೆ ಆ ಮನುಷ್ಯ ಇದ್ದ ಗುಂಡಿಯನ್ನು ನಂಬಲಿಲ್ಲ, ಎಲ್ಲರೂ ಒಮ್ಮೆ ಹೋಗಿ ನೋಡಿಕೊಂಡು ಬರೋಣ ಎಂದ. "ಅದು ತಮಾಷೆ ಸಾರ್, ಅದಕ್ಕೂ ಇದಕ್ಕೂ ಏನ್ ಸಂಬಂಧ?" ಎಂದು ಅಭಿಲಾಷ್ ಉತ್ತರ ಕೊಟ್ಟ. ಯಾರೂ ಹೊರಡಲಿಲ್ಲ. ಯಾರೋ ಆ ಬರಹದ ಚಿತ್ರ ತೆಗೆದು ತರೀಕೆರೆಗೆ ಕಳಿಸಿದರು. ಕಡೂರಿನೋರು ತಾವೇ ಒಪ್ಪಿಕೊಂಡರು ಎಂದು ರವಿಕುಮಾರನ ಗುಂಪು ಅದನ್ನು ಊರೆಲ್ಲ ಹಂಚಿತು. ಅದರ ಜೊತೆ ಅವರು ಬರೆದದ್ದರಲ್ಲಿ ಕಲ್ಲಪ್ಪನ ಹೆಸರು ಕೂಡ ಇರಲಿಲ್ಲ, ನಮ್ಮ ರೈಡರ್ ಎಂದಷ್ಟೇ ಇತ್ತು. ಮುಂದಿನ ವಾರ ಕಡೂರಿನವರು ಯೋಗಾನಂದನನ್ನು ಗುಂಪಿನಿಂದ ತೆಗೆದರು. ತರೀಕೆರೆಯವರು ಮೊದಮೊದಲು ಕಲ್ಲಪ್ಪನ ಮನೆಗೆ ಹಣ್ಣು ತಂದು ಫೋಟೊ ಹಿಡಿದರು. ಆಮೇಲೆ ಅವರೂ ಬರುವುದನ್ನು ಬಿಟ್ಟರು.

ಎರಡು ಬಣ್ಣದವರೂ ಈಗಲೂ ಭಾನುವಾರ ಅದೇ ರಸ್ತೆಯಲ್ಲಿ ಎದುರಾಗುತ್ತಾರೆ. ಗೇಟು ಇಲ್ಲದಿರುವುದರಿಂದ ಯಾರೂ ಯಾರ ಪಕ್ಕದಲ್ಲೂ ನಿಲ್ಲಬೇಕಾಗಿಲ್ಲ. ಯೋಗಾನಂದ ಕೆಲವು ತಿಂಗಳು ಒಬ್ಬನೇ ತುಳಿದ. ಹಿಂದೆ ಯಾರೂ ಇಲ್ಲದಿದ್ದರೂ ಗುಂಡಿ ಕಂಡ ಕೂಡಲೇ ಕೈ ಕೆಳಗೆ ಹೋಗುತ್ತಿತ್ತು. ಅದು ಸಹಿಸದೆ ಸೈಕಲ್ ಮಾರಿದ.

ಕಲ್ಲಪ್ಪನ ಬಲಗೈ ಹಿಡಿತ ಪೂರ್ತಿ ಬರಲಿಲ್ಲ. ಬ್ರೇಕ್ ಒತ್ತಲು ಆಗುವುದಿಲ್ಲ, ರಾಗಿ ಚೀಲವನ್ನು ಎಡಗೈಯಲ್ಲಿ ಎಳೆದುಕೊಳ್ಳುತ್ತಾನೆ. ಸೈಕಲ್ಲನ್ನು ಗುಜರಿಗೆ ಹಾಕಿದ. ಈಗ ಅವನು ಅಮೃತಾಪುರದಲ್ಲಿ ಗಿರಣಿ ನಡೆಸುತ್ತಾನೆ. ಭಾನುವಾರವೂ ತೆರೆದಿರುತ್ತದೆ.